ಮಜೊರ್ಡಾದ ವಯಲಿನ್ ಮಾಸ್ತರರು

ಹುಬ್ಬಳ್ಳಿ, ಧಾರವಾಡದಿಂದ ರೈಲಿನಲ್ಲಿ ಗೋವಾದ ವಾಸ್ಕೋಗೆ ಬರುವ ನಮ್ಮ ಗೋವಾ ಕನ್ನಡಿಗರಿಗೆ ಮಜೊರ್ಡಾ ಹೊಸ ಊರಲ್ಲ. ಮಡಗಾಂವ್ ದಾಟಿದ ಮೇಲೆ ಸಿಗುತ್ತದೆ. ಆ ಊರಿನ ಒಬ್ಬ ಸಂಗೀತ ಮಾಸ್ತರರ ಹೆಸರೂ ನಮಗೆ ಬಾಯಿಪಾಠ. ಆದರೆ ಅದು ಮಾಸ್ತರರ ಹೆಸರು ಅಂತ ಎಷ್ಟು ಜನರಿಗೆ ಗೊತ್ತು?

1977ರ ‘ಅಮರ್ ಅಕ್ಬರ್ ಆಂಥೋನಿ’ ಸಿನಿಮಾದಲ್ಲಿ ಅಮಿತಾಭ್ ಬಚ್ಚನ್ ದೊಡ್ಡ ಮೊಟ್ಟೆಯೊಳಗಿಂದ ಎದ್ದು ಬಂದು, ತನ್ನ ಹೆಸರು ಆಂಥೋನಿ ಗೊನ್ಸಾಲ್ವಿಸ್ ಅಂತ ಹಾಡುತ್ತಾರಲ್ಲ, ಆ ಹೆಸರಿನವರು ನಿಜವಾಗಿಯೂ ಇದ್ದರು. ಹಾಡಿಗೆ ರಾಗ ಹಾಕಿದ ಲಕ್ಷ್ಮೀಕಾಂತ್–ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್ ಅವರಿಗೆ ವಯಲಿನ್ ಕಲಿಸಿದವರು ಇವರೇ. ಆರ್.ಡಿ. ಬರ್ಮನ್ ಕೂಡ ಇವರ ಶಿಷ್ಯರು. ಶಿಷ್ಯ ಗುರುವಿಗೆ ಕೊಟ್ಟ ಕಾಣಿಕೆ ಆ ಹಾಡು.

ಗೊನ್ಸಾಲ್ವಿಸ್ ಹುಟ್ಟಿದ್ದು 1927ರಲ್ಲಿ. ತಂದೆ ಊರಿನ ಚರ್ಚಿನಲ್ಲಿ ಹಾಡುಗಾರರ ತಂಡವನ್ನು ನಡೆಸುತ್ತಿದ್ದರು. ಪೋರ್ಚುಗೀಸರ ಕಾಲದಲ್ಲಿ ಗೋವಾದ ಚರ್ಚ್ ಶಾಲೆಗಳಲ್ಲಿ ಮಕ್ಕಳಿಗೆ ಸ್ವರಲಿಪಿ ಓದುವುದು, ವಯಲಿನ್ ನುಡಿಸುವುದು ಎರಡನ್ನೂ ಕಲಿಸುತ್ತಿದ್ದರು. ಮುಂಬೈ ಸಿನಿಮಾದವರಿಗೆ ಬೇಕಾಗಿದ್ದುದೂ ಅದೇ. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮುಂದೆ ಕೂತು ರಾಗ ಹಾಕುತ್ತಿದ್ದರು. ಅದನ್ನು ಕೇಳಿ, ವಯಲಿನ್‌ಗೆ ಇಷ್ಟು, ಚೆಲೋಗೆ ಇಷ್ಟು, ಟ್ರಂಪೆಟ್‌ಗೆ ಇಷ್ಟು ಅಂತ ಬರೆದುಕೊಡುತ್ತಿದ್ದವರು ಅರೇಂಜರ್‌ಗಳು. ಅವರಲ್ಲಿ ಬಹಳ ಮಂದಿ ಗೋವಾದವರು. ಆಗ ಹಾಡುವವರು, ನುಡಿಸುವವರು ಎಲ್ಲರೂ ಒಟ್ಟಿಗೆ ಕೂತು ರೆಕಾರ್ಡ್ ಮಾಡಬೇಕಿತ್ತು. ಒಬ್ಬರು ತಪ್ಪಿದರೆ ಮತ್ತೆ ಮೊದಲಿಂದ! ಹಾಗಾಗಿ ಕಾಗದ ನೋಡಿದ ಕೂಡಲೇ ನುಡಿಸಬಲ್ಲವರಿಗೆ ಬೇಡಿಕೆ ಜಾಸ್ತಿ. ಗೊನ್ಸಾಲ್ವಿಸ್ 1943ರಲ್ಲಿ ಸಂಗೀತ ನಿರ್ದೇಶಕ ನೌಶಾದ್ ಅವರ ತಂಡದಲ್ಲಿ ವಯಲಿನ್ ನುಡಿಸಲು ಸೇರಿ, ಮುಂದೆ ಅರೇಂಜರ್ ಆದರು.

ನನಗೆ ಅವರ ಮೇಲೆ ಗೌರವ ಹೆಚ್ಚಿಸಿದ್ದು ಸಿನಿಮಾ ಕೆಲಸವಲ್ಲ. ಹಿಂದೂಸ್ತಾನಿ ರಾಗಗಳನ್ನು ಪಾಶ್ಚಾತ್ಯ ವಾದ್ಯವೃಂದಕ್ಕೆ ಒಗ್ಗಿಸಲು ಅವರು ಪಟ್ಟ ಶ್ರಮ. ಸಾರಂಗ ರಾಗದಲ್ಲಿ ಕನ್ಸರ್ಟೊ, ಅಂದರೆ ಒಂದು ವಾದ್ಯ ಮುಂದೆ ನಿಂತು ಇಡೀ ವಾದ್ಯವೃಂದದ ಜೊತೆ ನುಡಿಸುವ ಕೃತಿ, ಬರೆದರು. ಇದು ಸುಮ್ನೆ ಆಗುವ ಕೆಲಸವಲ್ಲ. ಧಾರವಾಡದ ಕಡೆಯ ಕೇಳುಗರಿಗೆ ಗೊತ್ತಿರುವಂತೆ, ಸಾರಂಗದ ಒಂದು ಬಗೆಯಾದ ಬೃಂದಾವನಿ ಸಾರಂಗದಲ್ಲಿ ಗಾಂಧಾರ (ಗ), ಧೈವತ (ದ) ಎರಡೂ ಇಲ್ಲ. ಪಾಶ್ಚಾತ್ಯ ಸಂಗೀತದಲ್ಲೋ ಸ, ಗ, ಪ ಒಟ್ಟಿಗೆ ನುಡಿಸುವುದೇ ತಳಪಾಯ. ಗಾಂಧಾರವೇ ಇಲ್ಲದ ಕಡೆ ಆ ಕಟ್ಟಡ ಹೇಗೆ ನಿಲ್ಲಬೇಕು? ನಿಲ್ಲಿಸಲು ಹೋಗಿ ಗಾಂಧಾರ ತಂದರೆ ರಾಗ ಕೆಡುತ್ತದೆ. ಎರಡೂ ಸಂಗೀತವನ್ನು ಮನಸ್ಸಿಟ್ಟು ಕಲಿತವರು ಮಾತ್ರ ಇಂಥದಕ್ಕೆ ಕೈ ಹಾಕುತ್ತಾರೆ.

1958ರಲ್ಲಿ ಅವರು ಒಂದು ವಾದ್ಯವೃಂದವನ್ನೇ ಕಟ್ಟಿದರು. ಲತಾ ಮಂಗೇಶ್ಕರ್, ಮನ್ನಾ ಡೇ ಅದರ ಜೊತೆ ಹಾಡಿದರು. 1965ರಲ್ಲಿ ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯಕ್ಕೆ ಹೋದರು. ಆಮೇಲೆ ಗೋವಾಕ್ಕೆ ಮರಳಿದರು. 2012ರ ಜನವರಿಯಲ್ಲಿ ತೀರಿಕೊಂಡರು.

ಹಳೆಯ ರೆಕಾರ್ಡುಗಳ ಮೇಲೆ ಗಾಯಕರ ಹೆಸರಿದೆ, ಸಂಗೀತ ನಿರ್ದೇಶಕರ ಹೆಸರಿದೆ. ಪ್ರತಿ ವಾದ್ಯದ ಸ್ವರ ಬರೆದವರ ಹೆಸರು ಸಾಮಾನ್ಯವಾಗಿ ಇಲ್ಲ. ಇದು ಅನ್ಯಾಯ ಅಂತಲೇ ನನ್ನ ಭಾವನೆ.

ನಮ್ಮ ಎಷ್ಟೋ ಮಕ್ಕಳು ವಾಸ್ಕೋ, ಮಡಗಾಂವ್, ಮಾಪುಸಾದಲ್ಲಿ ವಯಲಿನ್, ತಬಲಾ, ಕೀಬೋರ್ಡ್ ಕಲಿಯುತ್ತಿದ್ದಾರೆ. ರಾಜ್ಯೋತ್ಸವಕ್ಕೆ ಅವರು ವೇದಿಕೆ ಹತ್ತಿದಾಗ ಚಪ್ಪಾಳೆ ಹೊಡೆಯುತ್ತೇವೆ, ಕಲಿಸಿದವರು ಯಾರು ಅಂತ ಕೇಳುವುದಿಲ್ಲ ಅಲ್ವಾ? ಈ ಸಲದ ಕರಪತ್ರದಲ್ಲಿ ಪ್ರತಿ ಮಗುವಿನ ಹೆಸರಿನ ಪಕ್ಕ ಗುರುಗಳ ಹೆಸರನ್ನೂ ಅಚ್ಚು ಮಾಡುತ್ತೇವೆ. ಕೊಂಕಣಿಯವರಿರಲಿ, ಮರಾಠಿಯವರಿರಲಿ, ಕುಟುಂಬ ಸಮೇತ ಅವರನ್ನು ಕರೆತನ್ನಿ. ಮುಂದಿನ ಸಾಲಿನ ಕುರ್ಚಿಗಳು ಅವರಿಗೇ.