ತೋಟವಿದ್ದವರ 12 ಲಕ್ಷದ ಲೆಕ್ಕ ಬೇರೆ

ಮಾನ್ಯ ಸಂಪಾದಕರೇ,

‘12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ’, ‘ತೋಟದ ಆದಾಯಕ್ಕೆ ತೆರಿಗೆಯೇ ಇಲ್ಲ’. ಮೂಡಿಗೆರೆ, ಸಕಲೇಶಪುರ, ಬೇಲೂರು ಕಡೆ ಸಂಬಳವೋ ಪಿಂಚಣಿಯೋ ಇದ್ದು ಜೊತೆಗೆ ನಾಲ್ಕಾರು ಎಕರೆ ಕಾಫಿಯೂ ಇರುವವರು ಈ ಎರಡು ಮಾತನ್ನೂ ನಂಬಿ ರಿಟರ್ನ್ ಹಾಕಿ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ. ಪತ್ರಿಕೆಗಳೂ ಬಜೆಟ್ ಮರುದಿನ ಮೊದಲ ಮಾತನ್ನು ದೊಡ್ಡ ಅಕ್ಷರದಲ್ಲಿ ಹಾಕುತ್ತವೆ, ತೋಟವಿದ್ದವರ ಲೆಕ್ಕ ಬೇರೆ ಎಂದು ಬರೆಯುವುದಿಲ್ಲ. ಅದಕ್ಕೇ ಈ ಪತ್ರ.

ನಿವ್ವಳ ಕೃಷಿ ಆದಾಯ 5 ಸಾವಿರ ರೂಪಾಯಿ ದಾಟಿ, ಉಳಿದ ಆದಾಯವೂ ಮೂಲ ವಿನಾಯಿತಿ ಮಿತಿ (ಹೊಸ ಪದ್ಧತಿಯಲ್ಲಿ 4 ಲಕ್ಷ) ದಾಟಿದರೆ, ದರ ಗೊತ್ತುಮಾಡಲು ಮಾತ್ರ ಎರಡನ್ನೂ ಕೂಡಿಸುತ್ತಾರೆ. 2025–26ನೇ ಸಾಲಿನ ಒಂದು ಲೆಕ್ಕ ನೋಡಿ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಸಂಬಳ 9 ಲಕ್ಷ, ತೋಟದಿಂದ 6 ಲಕ್ಷ. ಒಟ್ಟು 15 ಲಕ್ಷಕ್ಕೆ ತೆರಿಗೆ 1,05,000. ತೋಟದ 6 ಲಕ್ಷಕ್ಕೆ ಮೂಲ ವಿನಾಯಿತಿಯ 4 ಲಕ್ಷ ಸೇರಿಸಿದರೆ 10 ಲಕ್ಷ, ಅದರ ಮೇಲೆ 40,000. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ 65,000. 12 ಲಕ್ಷದವರೆಗಿನವರ ತೆರಿಗೆಯನ್ನು ಸೊನ್ನೆ ಮಾಡುವ ಸೆಕ್ಷನ್ 87ಎ ರಿಯಾಯಿತಿ 60,000ಕ್ಕೆ ನಿಲ್ಲುತ್ತದೆ. ಉಳಿದ 5,000ಕ್ಕೆ ಶೇ 4 ಸೆಸ್ ಸೇರಿ 5,200 ಕಟ್ಟಲೇಬೇಕು. ತೋಟವಿಲ್ಲದೆ ಬರೀ 9 ಲಕ್ಷ ಸಂಬಳವಿದ್ದವರಿಗೆ ಒಂದು ರೂಪಾಯಿಯೂ ಇಲ್ಲ.

ಉಳಿತಾಯದ ದಾರಿಯೂ ಇದೇ ಲೆಕ್ಕದೊಳಗಿದೆ. ಕೂಡಿಸುವುದು ಖರ್ಚು ಕಳೆದ ನಿವ್ವಳ ಆದಾಯವನ್ನು. ಆ 6 ಲಕ್ಷದಲ್ಲಿ ಆಳಿನ ಕೂಲಿ, ಗೊಬ್ಬರ, ಸುಣ್ಣ, ಔಷಧಿ, ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಎಂದು 2 ಲಕ್ಷಕ್ಕೆ ಬಿಲ್ಲು, ವೋಚರ್ ಇದ್ದರೆ ಕೃಷಿ ಆದಾಯ 4 ಲಕ್ಷಕ್ಕೆ ಇಳಿಯುತ್ತದೆ. ಆಗ 13 ಲಕ್ಷದ ಮೇಲಿನ 75,000ದಲ್ಲಿ 8 ಲಕ್ಷದ ಮೇಲಿನ 20,000 ಹೋಗಿ 55,000 ಬರುತ್ತದೆ, ಅದು ಪೂರ್ತಿ ರಿಯಾಯಿತಿಯಲ್ಲಿ ಕರಗುತ್ತದೆ. ಮೇಸ್ತ್ರಿ ಕೈಗೆ ನಗದು ಕೊಟ್ಟು ಸಹಿ ಹಾಕಿಸಿಕೊಳ್ಳದೆ ಬಿಟ್ಟರೆ ಆಗುವ ನಷ್ಟ ಎಷ್ಟೆಂದು ಇದರಿಂದಲೇ ತಿಳಿಯಬಹುದು.

ಕೃಷಿ ಆದಾಯಕ್ಕೆ ಕೇಂದ್ರ ನೇರವಾಗಿ ತೆರಿಗೆ ಹಾಕದ ಈ ವಿಶೇಷ ಸ್ಥಾನ ಮೊದಲಿನಿಂದಲೂ ಇತ್ತೆಂದು ತಿಳಿಯಬೇಡಿ. ಮೈಸೂರು ಸಂಸ್ಥಾನದಲ್ಲಿ ಕಾಫಿಗೆ ‘ಹಾಲತ್’ ಎಂದು ಮಣದ ಲೆಕ್ಕದಲ್ಲಿ ತೆರಿಗೆ ವಸೂಲಾಗುತ್ತಿತ್ತು, ಎಕರೆ ಲೆಕ್ಕದ ಕಂದಾಯ ಬಂದದ್ದು ಆಮೇಲೆ. 1857ರ ದಂಗೆಯಿಂದ ಬರಿದಾದ ಖಜಾನೆ ತುಂಬಲು ಬ್ರಿಟಿಷ್ ಸರ್ಕಾರದ ಹಣಕಾಸು ಸದಸ್ಯ ಜೇಮ್ಸ್ ವಿಲ್ಸನ್ 1860ರಲ್ಲಿ ತಂದ ಮೊದಲ ಆದಾಯ ತೆರಿಗೆ ಬೇಸಾಯದ ಆದಾಯವನ್ನೂ ಬಿಟ್ಟಿರಲಿಲ್ಲ. ಬಿಟ್ಟದ್ದು 1886ರ ಕಾಯ್ದೆ. ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು 1935ರ ಭಾರತ ಸರ್ಕಾರ ಕಾಯ್ದೆ ಪ್ರಾಂತ್ಯಗಳಿಗೆ ಕೊಟ್ಟಿತು, ಸಂವಿಧಾನ ರಾಜ್ಯಗಳ ಕೈಯಲ್ಲೇ ಇಟ್ಟಿತು. ಕೇಂದ್ರ ಅದನ್ನು ಮುಟ್ಟುವಂತಿಲ್ಲ. ಆದರೆ ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಸಮಿತಿಯ ಸಲಹೆಯ ಬೆನ್ನಿಗೆ 1973ರಲ್ಲಿ ದರಕ್ಕಾಗಿ ಕೂಡಿಸುವ ಈ ಉಪಾಯ ಬಂತು, ಇಂದಿಗೂ ಉಳಿದಿದೆ.

ಇನ್ನು ಕಾಫಿಯನ್ನು ಯಾವ ರೂಪದಲ್ಲಿ ಮಾರುತ್ತೀರಿ ಎನ್ನುವುದು. ಇಡೀ ಹಣ್ಣು ಒಣಗಿಸಿದ ಚೆರಿಯಾಗಿಯೋ ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಆಗಿಯೋ ಕೊಟ್ಟರೆ ಪೂರ್ತಿ ಕೃಷಿ ಆದಾಯ. ಪಲ್ಪಿಂಗ್ (ಹಣ್ಣಿನ ಸಿಪ್ಪೆ ಸುಲಿಯುವುದು) ಮಾಡಿದರೆ ವ್ಯವಹಾರವಾಗಿಬಿಡುತ್ತದೆ ಎಂಬ ಭಯ ಬೇಡ, ಕಾಫಿ ಕಾಯ್ದೆಯಲ್ಲೇ, ಒಣಗಿದ ಕಾಫಿಯ ಹೊಟ್ಟು ತೆಗೆದು ಬೀಜ ಸಿದ್ಧಪಡಿಸುವ ಕ್ಯೂರಿಂಗ್‌ನಿಂದ ಪಲ್ಪಿಂಗ್ ಹೊರಗಿದೆ. ತಾವೇ ಬೆಳೆದು ಕ್ಯೂರ್ ಮಾಡಿ ಮಾರಿದರೆ ಆದಾಯ ತೆರಿಗೆ ನಿಯಮ 7ಬಿ ಪ್ರಕಾರ ಲಾಭದ ಶೇ 25 ವ್ಯವಹಾರದ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ ಶೇ 40. ಬಹಳ ಮಂದಿ ಎಡವುವುದು ಇಲ್ಲಿ: ಮಾರಾಟದ ಹಣದಲ್ಲಿ ಶೇ 25 ತೆಗೆದು, ತೋಟದ ಇಡೀ ಖರ್ಚನ್ನು ಅದರಲ್ಲೇ ಕಳೆದುಬಿಡುತ್ತಾರೆ. ಹಾಗಲ್ಲ, ಮೊದಲು ಎಲ್ಲ ಖರ್ಚು ಕಳೆದು ಲಾಭ ತೆಗೆಯಬೇಕು, ಆಮೇಲೆ ಪಾಲು ಮಾಡಬೇಕು. ಬಿಳಿ ಕಾಂಡಕೊರಕ ತಿಂದು ಸತ್ತ ಅರೇಬಿಕಾ ಗಿಡದ ಜಾಗಕ್ಕೆ ಹೊಸ ಗಿಡ ನೆಟ್ಟ ಖರ್ಚನ್ನೂ ಇದೇ ನಿಯಮದಡಿ ಕಳೆಯಬಹುದು, ಆದರೆ ಆ ಜಾಗವನ್ನು ಹಿಂದೆ ಪಾಳು ಬಿಟ್ಟಿರಬಾರದು. ಮೆಣಸು ಕೃಷಿಯೇ. ಹೋಂಸ್ಟೇ ಬಾಡಿಗೆ, ಕಾಫಿ ಹಣದ ಎಫ್‌ಡಿ ಬಡ್ಡಿ ಕೃಷಿ ಅಲ್ಲ.

ನಬಾರ್ಡ್‌ನ ಕಾಫಿ ಠೇವಣಿ ಖಾತೆಗೆ ಹಣ ಹಾಕಿ ಸೆಕ್ಷನ್ 33ಎಬಿಯ ಕಡಿತ ಪಡೆಯುತ್ತಿದ್ದವರು ಗಮನಿಸಬೇಕು: ಹೊಸ ಪದ್ಧತಿಯಲ್ಲಿ ಅದು ಸಿಗದು. ಹಳೆಯ ಪದ್ಧತಿಯೇ ಬೇಕೆಂದರೆ ವ್ಯವಹಾರದ ಆದಾಯವಿರುವವರು ಗಡುವಿನೊಳಗೆ ಫಾರಂ 10-ಐಇಎ ಹಾಕಬೇಕು.

ಕೃಷಿ ಆದಾಯ 5 ಸಾವಿರ ದಾಟಿದವರು ಐಟಿಆರ್-1 ನಮೂನೆಯಲ್ಲಿ ರಿಟರ್ನ್ ಹಾಕುವಂತಿಲ್ಲ. ಸಂಬಳದವರಿಗೆ ಐಟಿಆರ್-2, ಕ್ಯೂರಿಂಗ್ ಪಾಲು ತೋರಿಸುವವರಿಗೆ ಐಟಿಆರ್-3. ನಿವ್ವಳ ಕೃಷಿ ಆದಾಯ 5 ಲಕ್ಷ ಮೀರಿದರೆ ಜಮೀನಿನ ಜಿಲ್ಲೆ, ಪಿನ್‌ಕೋಡ್, ಎಕರೆ, ಸ್ವಂತವೋ ಗುತ್ತಿಗೆಯೋ, ನೀರಾವರಿಯೋ ಮಳೆಯಾಶ್ರಿತವೋ ಎಂದು ತುಂಬಬೇಕು, ಹಾಗಾಗಿ ಪಹಣಿಯ ವಿಸ್ತೀರ್ಣ ಸರಿಯಿದೆಯೇ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಅಣ್ಣತಮ್ಮಂದಿರು ಭಾಗ ಮಾಡಿಕೊಂಡೂ ಪಹಣಿ ಇನ್ನೂ ತಂದೆಯ ಹೆಸರಲ್ಲೇ ಇದ್ದರೆ, ಯಾರ ಆದಾಯ ಎಷ್ಟೆಂದು ತೋರಿಸುವುದು ಕಷ್ಟ. ವ್ಯಾಪಾರಿಯಿಂದ ಒಂದೇ ದಿನ 2 ಲಕ್ಷ ಅಥವಾ ಹೆಚ್ಚು ನಗದು ತೆಗೆದುಕೊಳ್ಳಬೇಡಿ, ಪಡೆದಷ್ಟೇ ಮೊತ್ತದ ದಂಡ ಪಡೆದವರ ಮೇಲೆ ಬೀಳುತ್ತದೆ.

ಏಪ್ರಿಲ್ 1, 2026ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿದ್ದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. ಆದರೆ 2025–26ರ ಆದಾಯಕ್ಕೆ 1961ರ ಕಾಯ್ದೆಯೇ ಅನ್ವಯ.

ಕೊನೆಯದಾಗಿ ಹಿರಿಯರಿಗೆ. 60 ದಾಟಿದ, ವ್ಯವಹಾರದ ಆದಾಯವಿಲ್ಲದವರು ಮುಂಗಡ ತೆರಿಗೆ ಕಟ್ಟಬೇಕಿಲ್ಲ. ಆದರೆ ಕ್ಯೂರ್ ಮಾಡಿ ಮಾರಿದ ಶೇ 25ರ ಪಾಲು ಬಂದ ಕೂಡಲೇ ಆ ವಿನಾಯಿತಿ ಹೋಗುತ್ತದೆ. ಕಟ್ಟಬೇಕಾದ ತೆರಿಗೆ 10 ಸಾವಿರ ಮುಟ್ಟಿದರೆ ಮಾರ್ಚ್ 15ರೊಳಗೆ ಕಟ್ಟಿ ಮುಗಿಸಿ. ಕೊಯ್ಲು ಮುಗಿದು ಕೈಗೆ ಹಣ ಬರುವ ಹೊತ್ತೂ ಅದೇ.

– ತೆರಿಗೆ ಸಲಹೆಗಾರರು, ಚಿಕ್ಕಮಗಳೂರು