ಬರೀ ಮೊತ್ತ ಬರೆದು ಸುಮ್ನಾಗ್ಬೇಡ ಪುಟ್ಟಿ

ಪುಟ್ಟಿ,

ನಿನ್ನ ಮೂರೂ ವಾಯ್ಸ್ ಮೆಸೇಜ್ ಕೇಳ್ದೆ, ಎರಡನೇದನ್ನ ಎರಡು ಸಲ ಕೇಳ್ಬೇಕಾಯ್ತು, ಬಸ್ಸಿನ ಹಾರನ್ ಗಲಾಟೆಲಿ ನೀನು ಅಳ್ತಿದೀಯೋ ನಗ್ತಿದೀಯೋ ಗೊತ್ತಾಗ್ಲಿಲ್ಲ. ಸ್ಕೂಲಿಗೆ ಪ್ರೊಜೆಕ್ಟರ್ ಬಂತು, ಎರಡು ಲ್ಯಾಪ್‌ಟಾಪ್ ಬಂತು, ಟ್ರೇನಿಂಗಲ್ಲಿ ಹದಿನೈದು ಆಪ್ ತೋರ್ಸಿದ್ರು, ಶಿರಾ ಬಸ್ ಸ್ಟ್ಯಾಂಡ್ ದಾಟೋ ಹೊತ್ತಿಗೆ ಒಂದೂ ತಲೇಲಿ ಉಳಿದಿಲ್ಲ ಅಂದ್ಯಲ್ಲ, ನಂಗೆ ನಗು ಬಂತು. ಬೈಕೋಬೇಡ. ನಾನೂ ಹಂಗೇ ಬರ್ತಿದ್ದೆ, ಕೈಯಲ್ಲಿ ಒಂದು ನೋಟ್ ಪ್ಯಾಡು ಒಂದು ಪೆನ್ನು ಹಿಡ್ಕೊಂಡು, ತಲೆ ಮಾತ್ರ ಖಾಲಿ. ವಾಟ್ಸಾಪಲ್ಲಿ ಉತ್ತರ ಬರೆದ್ರೆ ನೀನು ಅರ್ಧ ಓದಿ ಹೆಬ್ಬೆಟ್ಟು ಒತ್ತಿ ಬಿಡ್ತೀಯ ಅಂತ ಗೊತ್ತು, ಅದಕ್ಕೇ ಕಾಗದದ ಥರ ಕೂತು ಟೈಪ್ ಮಾಡ್ತಿದೀನಿ, ಮಧ್ಯಾಹ್ನ ನಿಮ್ಮ ದೊಡ್ಡಪ್ಪ ಮಲಗಿದಾಗ.

ಮೊದ್ಲು ಆ ಹದಿನೈದು ಆಪ್ ಮರೆತುಬಿಡು. ನಿಜವಾಗ್ಲೂ ಹೇಳ್ತಿದೀನಿ. ಒಂದು ವಾರ ಏನೂ ಕಲೀಬೇಡ, ಸುಮ್ನೆ ಡೈರಿಯ ಹಿಂದಿನ ಪುಟದಲ್ಲಿ ನಿನ್ನ ಟೈಮು ಎಲ್ಲಿ ಸೋರ್ತಾ ಇದೆ ಅಂತ ಬರಿ. ಎಫ್‌ಎ, ಅಂದ್ರೆ ವರ್ಷದ ಮಧ್ಯೆ ಮಾಡೋ ಮೌಲ್ಯಮಾಪನದ ಮಾರ್ಕ್ಸ್ ಕೂಡೋದಕ್ಕೆ ಎಷ್ಟು ಹೊತ್ತು, ಪ್ರಶ್ನೆಪತ್ರಿಕೆಗೆ ಎಷ್ಟು, ಬೆಳಗ್ಗೆ ಹನ್ನೊಂದಕ್ಕೆ 'ಅತೀ ತುರ್ತು, ಹನ್ನೆರಡರೊಳಗೆ' ಅಂತ ಬರೋ ಮಾಹಿತಿಗೆ ಎಷ್ಟು. ಲೆಕ್ಕ ಮೇಡಂ ಅಲ್ವಾ ನೀನು, ಲೆಕ್ಕ ಹಾಕು. ನಂಗೆ ಮೂರು ಸೆಕ್ಷನ್ನಿಂದ 130 ಮಕ್ಕಳಿದ್ರು, ವರ್ಷಕ್ಕೆ ಎಫ್‌ಎ ನಾಲ್ಕು, ಒಂದೊಂದ್ರಲ್ಲೂ ಚಟುವಟಿಕೆ ಎರಡು ಟೆಸ್ಟ್ ಒಂದು ಅಂದ್ರೆ 1560 ಅಂಕಿ, ಎಸ್‌ಎ ಅನ್ನೋ ದೊಡ್ಡ ಪರೀಕ್ಷೆ ಎರಡು ಬೇರೆ, ಇದನ್ನ ಕೈಯಲ್ಲಿ ಬರೆದು ಕೂಡಿ ಸರಾಸರಿ ತೆಗೆದು ಇನ್ನೊಂದು ರಿಜಿಸ್ಟರಿಗೆ ಕಾಪಿ ಮಾಡಿ ಕೊನೆಗೆ ಇಲಾಖೆಯ ಆನ್‌ಲೈನ್ ದಾಖಲೆ ಸ್ಯಾಟ್ಸಿಗೆ ಹಾಕೋ ಹೊತ್ತಿಗೆ ನಾಳೆ ಪಾಠ ಏನು ಅಂತ ಯೋಚ್ನೆ ಮಾಡೋ ತ್ರಾಣ ಯಾರಿಗಿರುತ್ತೆ ಹೇಳು. ಎಲ್ಲಿ ಜಾಸ್ತಿ ಸೋರುತ್ತೋ ಅಲ್ಲಿಗೆ ಬೇಕಾದ ಒಂದೇ ಒಂದು ಸಾಧನ ಕಲಿ. ನಂಗೆ ಅದು ಶೀಟ್ ಆಗಿತ್ತು, ಎಕ್ಸೆಲ್ಲೋ ಗೂಗಲ್ಲೋ ಯಾವ್ದಾದ್ರೂ ಸರಿ. ನಿಂಗೂ ಅದೇ ಆಗಿರುತ್ತೆ ಅಂತ ನನ್ನ ಅಂದಾಜು.

ನಾನು ಅದನ್ನ ಕಲ್ತಿದ್ದು 2014ರಲ್ಲಿ, ನಂಗೆ 52. ಅದಕ್ಕೂ ಎರಡು ವರ್ಷ ಮುಂಚೆಯಿಂದ 'ಕಲೀತಾ' ಇದ್ದೆ. ನಮ್ಮ ಸ್ಕೂಲ್ ಲ್ಯಾಬಲ್ಲಿ ಒಬ್ಬ ಹುಡುಗ ಇದ್ದ, ಬಂಗಾರದಂಥವನು, ಆದ್ರೆ ನಾನು ಎಲ್ಲಾದ್ರೂ ತಡವರಿಸಿದ ತಕ್ಷಣ 'ಬಿಡಿ ಮೇಡಂ ನಾನೇ ಮಾಡ್ಕೊಡ್ತೀನಿ' ಅಂತ ಮೌಸ್ ಕಿತ್ಕೊಂಡುಬಿಡೋನು. ಕೆಲಸ ಆಗೋದು, ನಾನು ಥ್ಯಾಂಕ್ಸ್ ಹೇಳಿ ಎದ್ದು ಬರೋಳು. ಎರಡು ವರ್ಷ ಹಿಂಗೇ. ಆಮೇಲೆ ನಂಗೆ ಕಲ್ಸಿದ್ದು ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ, ಅವರಪ್ಪನ ಝೆರಾಕ್ಸ್ ಅಂಗಡಿಲಿ ಕೂತು ಅಭ್ಯಾಸ ಆಗಿತ್ತು ಅವಳಿಗೆ. ನನ್ನ ಹಿಂದೆ ಕೈ ಕಟ್ಕೊಂಡು ನಿಂತ್ಕೊಳೋಳು, ಮೌಸ್ ಮುಟ್ತಿರಲಿಲ್ಲ, ಟೀಚರ್ ಕೈಯಿಂದ ಕಿತ್ಕೊಳೋಕೆ ಭಯ ಪಾಪ, 'ಮಿಸ್ ಇನ್ನೂ ಸ್ವಲ್ಪ ಕೆಳಗೆ, ಮಿಸ್ ಅಲ್ಲ ಅಲ್ಲ' ಅಂತ ಹೇಳೋಳು ಅಷ್ಟೇ. ಹದಿನೈದು ದಿನಕ್ಕೆ ಕಲ್ತೆ.

ಶುರು ಮಾಡೋವಾಗ ಒಂದು ಮೇನ್ ಲಿಸ್ಟ್ ಮಾಡ್ಕೋ. ಮಗುವಿನ ಹೆಸರು ದಾಖಲಾತಿ ರಿಜಿಸ್ಟರಲ್ಲಿ ಇರೋ ಹಾಗೇ, ಆಧಾರಲ್ಲಿ ಬೇರೆ ಥರ ಇದ್ರೆ ಪಕ್ಕದ ಕಾಲಮಲ್ಲಿ ಅದು, ಸ್ಯಾಟ್ಸ್ ನಂಬರು, ಹುಟ್ಟಿದ ತಾರೀಖು, ಅಪ್ಪ ಅಮ್ಮನ ಹೆಸರು, ಫೋನು ಯಾರ ಹತ್ರ ಇರುತ್ತೆ ಅನ್ನೋದು. ಸ್ಕಾಲರ್‌ಶಿಪ್ಪು, ಶೂ ಅಳತೆ, ಪ್ರತಿಭಾ ಕಾರಂಜಿ, ಏನೇ ಕೇಳಿದ್ರೂ ಇದ್ರಿಂದಾನೇ ಬೇಕಾದ ಕಾಲಮ್ ತೆಗೆದು ಕೊಡಬಹುದು. ಆದ್ರೆ ಆ ಶೀಟ್‌ನ ಇಡಿಯಾಗಿ ಯಾವ ವಾಟ್ಸಾಪ್ ಗ್ರೂಪಿಗೂ ಹಾಕ್ಬೇಡ, ಯಾರು ಎಷ್ಟೇ ತುರ್ತು ಅಂದ್ರೂ. ಮಕ್ಕಳ ಹುಟ್ಟಿದ ತಾರೀಖು ಫೋನ್ ನಂಬರು ಎಲ್ಲೆಲ್ಲಿಗೆ ಫಾರ್ವರ್ಡ್ ಆಗುತ್ತೆ ಅಂತ ಯಾರಿಗೆ ಗೊತ್ತು. ವಾರಕ್ಕೊಂದು ಸಲ ಪೆನ್ ಡ್ರೈವಿಗೆ ಒಂದು ಕಾಪಿ.

ಮತ್ತೆ ನನ್ನ ಒಂದು ಎಡವಟ್ಟು ಹೇಳ್ತೀನಿ, ಯಾರಿಗೂ ಹೇಳಿಲ್ಲ ಇದುವರೆಗೆ. ಹೆಸರು ಅಕ್ಷರ ಕ್ರಮದಲ್ಲಿ ಬರಲಿ ಅಂತ ಹೆಸರಿನ ಕಾಲಮ್ ಒಂದನ್ನೇ ಸೆಲೆಕ್ಟ್ ಮಾಡಿ ಸಾರ್ಟ್ ಕೊಟ್ಟುಬಿಟ್ಟೆ. ಹೆಸರುಗಳೆಲ್ಲ ಜಾಗ ಬದಲಾಯಿಸಿದ್ವು, ಮಾರ್ಕ್ಸು ಮಾತ್ರ ಇದ್ದಲ್ಲೇ ಇತ್ತು. ನಂಗೆ ಗೊತ್ತೇ ಆಗ್ಲಿಲ್ಲ, ಪ್ರಿಂಟ್ ತೆಗೆದು ಕ್ಲಾಸಲ್ಲಿ ಓದಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗ, ಯಾವಾಗ್ಲೂ ಎಂಟೋ ಒಂಬತ್ತೋ ತಗೊಳೋನು, ಎದ್ದು ನಿಂತ, 'ಮಿಸ್ ನಂಗೆ ಹದಿನೆಂಟು ಬರೋ ಚಾನ್ಸೇ ಇಲ್ಲ ಇನ್ನೊಂದ್ಸಲ ನೋಡಿ' ಅಂದ. ಅವನು ಸುಮ್ನೆ ಇದ್ದಿದ್ರೆ ಹಂಗೇ ಸ್ಯಾಟ್ಸಿಗೆ ಹೋಗ್ತಿತ್ತು. ಅದಕ್ಕೇ ಸಾರ್ಟ್ ಮಾಡೋ ಮುಂಚೆ ಇಡೀ ಟೇಬಲ್ ಸೆಲೆಕ್ಟ್ ಮಾಡು, ಆಮೇಲೆ ಯಾವ್ದಾದ್ರೂ ಐದು ಮಕ್ಕಳದ್ದು ಪೇಪರ್ ತೆಗೆದು ತಾಳೆ ನೋಡು.

ಈಗ ಮುಖ್ಯ ವಿಷ್ಯಕ್ಕೆ ಬರ್ತೀನಿ, ಈ ಕಾಗದ ಬರೀತಿರೋದೇ ಇದಕ್ಕೆ. ಶೀಟಲ್ಲಿ ಟೆಸ್ಟ್ ಮಾರ್ಕ್ಸ್ ಹಾಕೋವಾಗ ಮೊತ್ತ ಮಾತ್ರ ಹಾಕ್ಬೇಡ, ಪ್ರಶ್ನೆವಾರು ಹಾಕು. ಒಂದನೇ ಪ್ರಶ್ನೆ ಒಂದು ಕಾಲಮ್, ಎರಡನೇದು ಒಂದು ಕಾಲಮ್, ಸರಿ ಇದ್ರೆ 1 ತಪ್ಪಿದ್ರೆ 0. ಸೊನ್ನೆ ಇದ್ದಲ್ಲಿ ಕೆಂಪು ಬಣ್ಣ ತುಂಬ್ಕೊಳೋ ಹಾಗೆ ಮಾಡ್ಬಹುದು, ಕಂಡಿಷನಲ್ ಫಾರ್ಮ್ಯಾಟಿಂಗ್ ಅಂತ ಇರುತ್ತೆ ಹುಡುಕು. ಮೊದಲ ಸಲ ನಾನು ಹಂಗೆ ಮಾಡಿದ್ದು ಎಂಟನೇ ಕ್ಲಾಸಿನ ಜೂನ್ ತಿಂಗಳ ಟೆಸ್ಟಿಗೆ, 38 ಮಕ್ಕಳು. ಅಡ್ಡಡ್ಡ ನೋಡಿದ್ರೆ ಯಾವ ಮಗು ವೀಕು ಅಂತ ಕಾಣುತ್ತೆ, ಅದು ನಂಗೆ ಶೀಟ್ ಇಲ್ದೇನೂ ಗೊತ್ತಿತ್ತು. ಮೇಲಿಂದ ಕೆಳಕ್ಕೆ ನೋಡಿದಾಗ ಏಳನೇ ಪ್ರಶ್ನೆಯ ಕಾಲಮ್ ಪೂರ್ತಿ ಕುಂಕುಮ ಚೆಲ್ಲಿದ ಹಾಗಿತ್ತು, 29 ಸೊನ್ನೆ. ಪ್ರಶ್ನೆ ಏನು, 1/2 ಕ್ಕೆ 1/3 ಕೂಡಿ. ಪೇಪರ್ ಕಟ್ಟು ಬಿಚ್ಚಿ ನೋಡಿದ್ರೆ ಜಾಣರು ದಡ್ಡರು ಎಲ್ಲರದ್ದೂ ಒಂದೇ ಉತ್ತರ, 2/5. ಮೇಲಿಂದು ಮೇಲೆ ಕೂಡಿದಾರೆ, ಕೆಳಗಿಂದು ಕೆಳಗೆ ಕೂಡಿದಾರೆ.

1986ರಿಂದ ಪಾಠ ಮಾಡ್ತಿದ್ದೆ ಪುಟ್ಟಿ. ಅಷ್ಟೂ ವರ್ಷ ರಿಜಿಸ್ಟರಲ್ಲಿ ಮೊತ್ತ ಬರೆದೆ, ಮೊತ್ತ ಏನು ಹೇಳುತ್ತೆ, ಯಾರು ಜಾಣ ಯಾರು ದಡ್ಡ ಅಂತ ಅಷ್ಟೇ. ಕ್ಲಾಸಿಗೆ ಕ್ಲಾಸೇ ಒಂದೇ ಕಡೆ ಜಾರಿ ಬೀಳ್ತಿದೆ ಅಂದ್ರೆ ತಪ್ಪು ಜಾರೋರದ್ದಲ್ಲ ನೆಲದ್ದು ಅನ್ನೋದು ಆವತ್ತು ಆ ಕೆಂಪು ಪಟ್ಟಿ ನೋಡಿದ ಮೇಲೆ ಹೊಳೀತು. ನಾನು ಪ್ರತಿ ವರ್ಷ 'ಲ.ಸಾ.ಅ. ತೆಗೀರಿ' ಅಂತ ಶುರು ಮಾಡ್ತಿದ್ದೆ, ಯಾಕೆ ತೆಗೀಬೇಕು ಅಂತ ಯಾವತ್ತೂ ಹೇಳಿರಲಿಲ್ಲ. ಮಾರನೇ ದಿನ ಡಬ್ಬಿಲಿ ಚಪಾತಿ ತಗೊಂಡು ಹೋದೆ, ಅರ್ಧ ಚಪಾತಿ ಒಬ್ಬನ ಕೈಗೆ ಕೊಟ್ಟು, ಇನ್ನೊಂದು ಚೂರು ಅದರ ಮೇಲಿಟ್ಟು, ಈಗ ಅರ್ಧಕ್ಕಿಂತ ಜಾಸ್ತಿ ಆಯ್ತಾ ಕಮ್ಮಿ ಆಯ್ತಾ ಅಂದೆ. ಜಾಸ್ತಿ ಅಂದ್ರು. ನಿಮ್ಮ 2/5 ಅರ್ಧಕ್ಕಿಂತ ಜಾಸ್ತಿನಾ ಅಂದೆ. ಕ್ಲಾಸ್ ಸುಮ್ನಾಯ್ತು ನೋಡು, ಅಂಥ ಸುಮ್ನಾಗೋದು ಯಾವ ವಿಡಿಯೋ ಹಾಕಿದ್ರೂ ನಂಗೆ ಸಿಕ್ಕಿಲ್ಲ. ಕಂಪ್ಯೂಟರ್ ಮಾಡಿದ್ದು ತಪ್ಪು ಎಲ್ಲಿದೆ ಅಂತ ತೋರ್ಸಿದ್ದು ಅಷ್ಟೇ, ಪಾಠ ಮಾಡಿದ್ದು ಚಪಾತಿ.

ಅದಾದ ಮೇಲೆ ಇನ್ನೊಂದು ಅಭ್ಯಾಸ ಆಯ್ತು. ನೋಟ್ಸ್ ತಿದ್ದೋವಾಗ ಒಳ್ಳೊಳ್ಳೆ ತಪ್ಪು ಸಿಕ್ಕಿದ್ರೆ ಫೋನಲ್ಲಿ ಫೋಟೋ ತೆಗೆದಿಡ್ತಿದ್ದೆ, ಹೆಸರು ಕಾಣದ ಹಾಗೆ. ಮಾರನೇ ದಿನ ಅದನ್ನ ಗೋಡೆ ಮೇಲೆ ಪ್ರೊಜೆಕ್ಟ್ ಮಾಡಿ 'ಇದು ಸರೀನಾ' ಅಂತ ಕೇಳೋದು. ಪಕ್ಕದ ಸೆಕ್ಷನ್ನಿಂದು ಅಂತ ಸುಳ್ಳು ಹೇಳ್ತಿದ್ದೆ. ಪ್ರೊಜೆಕ್ಟರ್ ಬಂದಿದೆ ಅಂದ್ಯಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆ ಉಪಯೋಗ ನಂಗೆ ಗೊತ್ತಿಲ್ಲ.

ಜಿಯೋಜಿಬ್ರಾ ಅನ್ನೋ ಗಣಿತದ ಸಾಫ್ಟ್‌ವೇರ್ ಬಗ್ಗೆ ಕೇಳಿದ್ಯಲ್ಲ, ಕಲಿ, ಅದು ಚಿನ್ನ. ಆಸ್ಟ್ರಿಯಾದ ಸಾಲ್ಜ್‌ಬರ್ಗಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ ಅನ್ನೋರು 2001ರಲ್ಲಿ ಮಾಸ್ಟರ್ಸ್ ಥೀಸಿಸ್ಸಿಗೆ ಅಂತ ಶುರು ಮಾಡಿದ್ದಂತೆ, ನಮಗೆ ಬಿಟ್ಟಿ. ಲ್ಯಾಪ್‌ಟಾಪಿಗೆ ಇನ್‌ಸ್ಟಾಲ್ ಮಾಡ್ಕೊಂಡ್ರೆ ನೆಟ್ ಬೇಕಾಗಿಲ್ಲ. ತ್ರಿಭುಜದ ಒಂದು ಮೂಲೆ ಹಿಡಿದು ಎಳೆದ್ರೆ ಮೂರೂ ಕೋನ ಬದಲಾಗ್ತಾ ಹೋಗುತ್ತೆ ಮೊತ್ತ ಮಾತ್ರ 180ರಲ್ಲೇ ನಿಂತಿರುತ್ತೆ, ಮಕ್ಕಳು ಬಾಯಿ ಬಿಟ್ಕೊಂಡು ನೋಡ್ತಾರೆ. ಆದ್ರೆ ಅದಕ್ಕೂ ಮುಂಚೆ ಪೇಪರ್ ತ್ರಿಭುಜ ಕತ್ತರಿಸಿ ಮೂರು ಮೂಲೆ ಹರಿದು ಒಂದು ಗೆರೆ ಮೇಲೆ ಜೋಡಿಸ್ಲಿ, ಒಬ್ಬೊಬ್ಬರದ್ದು ಒಂದೊಂದು ಥರದ ತ್ರಿಭುಜ ಇರ್ಲಿ. ಕೈಯಲ್ಲಿ ಮಾಡದೆ ಪರದೆ ಮೇಲೆ ಮೊದಲು ನೋಡಿದ್ರೆ ಅದು ಜಾದೂ ಥರ, ಆಮೇಲೆ ಏನು ಮಿಸ್ ಅಂತ ಕೂತ್ಕೋತಾರೆ. ಮತ್ತೆ ಎಳೆಯೋಕೆ ಮುಂಚೆ ಏನಾಗುತ್ತೆ ಅಂತ ನೋಟಲ್ಲಿ ಬರೆಸು. ಊಹೆ ಬರೆದೋನು ಮಾತ್ರ ಸರಿಯಾಗಿ ನೋಡ್ತಾನೆ.

ದೀಕ್ಷಾ ಆಪಿನ ಪಾಠದ ವಿಡಿಯೋನೂ ಅಷ್ಟೇ, ಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದೆ ಅಂತ ಕ್ಲಾಸಲ್ಲೇ ಸ್ಕ್ಯಾನ್ ಮಾಡೋಕೆ ಹೋಗ್ಬೇಡ, ನೆಟ್ವರ್ಕ್ ಗಿರಗಿರ ತಿರುಗ್ತಾ ಇರುತ್ತೆ ಇಲ್ಲಾ ಕರೆಂಟ್ ಹೋಗುತ್ತೆ, ನಲವತ್ತು ನಿಮಿಷ ಅಲ್ಲೇ ಸತ್ತೋಗುತ್ತೆ. ಹಿಂದಿನ ದಿನ ಡೌನ್‌ಲೋಡ್ ಮಾಡಿ ಪೂರ್ತಿ ನೀನೇ ನೋಡು. ಬೇಕಾದ್ದು ನಾಲ್ಕು ನಿಮಿಷ ಅಷ್ಟೇ ಇರುತ್ತೆ, ಅಷ್ಟು ಹಾಕು.

ಕನ್ನಡ ಟೈಪಿಂಗಿನ ಗೋಳು. ನಿಮ್ಮ ಸೀನಿಯರ್ ಸರ್ ಕಳ್ಸಿದ ಪ್ರಶ್ನೆಪತ್ರಿಕೆ ನಿನ್ನ ಫೋನಲ್ಲಿ ಚಿತ್ರವಿಚಿತ್ರ ಇಂಗ್ಲಿಷ್ ಗುರುತುಗಳಾಗಿ ಕಾಣ್ತಿದೆ ಅಂದ್ಯಲ್ಲ, ಫೈಲ್ ಕೆಟ್ಟಿಲ್ಲ, ಅವರು ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದಾರೆ, ಆ ಫಾಂಟ್ ಇಲ್ಲದ ಕಡೆ ಹಂಗೇ ಕಾಣೋದು. ಆಸ್ಕಿ ಅನ್ನೋ ಆ ಹಳೇ ಪದ್ಧತಿಯಿಂದ ಎಲ್ಲ ಕಡೆ ಕಾಣೋ ಯೂನಿಕೋಡಿಗೆ ಬದಲಾಯಿಸೋ ಕನ್ವರ್ಟರ್ ಸಿಗುತ್ತೆ, ಹಾಕಿ ತೆಗಿ, ಒತ್ತಕ್ಷರ ಒಂದ್ಸಲ ಕಣ್ಣಾಡಿಸು. ಇನ್ಮುಂದೆ ಟೈಪ್ ಮಾಡೋದೇ ಯೂನಿಕೋಡಲ್ಲಿ ಮಾಡಿ ಅಂತ ಅವರಿಗೆ ಮೆಲ್ಲಗೆ ಹೇಳು, ನುಡಿಲಿ ಇರೋ ಅದೇ ಕೆ.ಪಿ. ರಾವ್ ಕೀಲಿಮಣೆ, ಎಫ್ ಒತ್ತಿದ್ರೆ ಒತ್ತಕ್ಷರ, ಬೆರಳಿಗೇನೂ ಹೊಸದಲ್ಲ ಅಂದ್ರೆ ಒಪ್ತಾರೆ. ಅವರನ್ನ ನೋಡಿ ನಗ್ಬೇಡ ಮಾತ್ರ. ಆ ವಯಸ್ಸಿನೋರೆಲ್ಲ ಸ್ಟೆನ್ಸಿಲ್ ಹಾಳೆ ಮೇಲೆ ಮೊನೆ ಪೆನ್ನಲ್ಲಿ ಕೊರೆದು ಸೈಕ್ಲೋಸ್ಟೈಲ್ ರೋಲರ್ ತಿರುಗ್ಸಿ ಮಸಿ ಮೆತ್ತಿದ ಕೈಯಲ್ಲಿ ಊಟ ಮಾಡಿದೋರು.

ಅವರ ವಿಷ್ಯ ಬಂದಿದ್ದಕ್ಕೆ ಹೇಳ್ತೀನಿ. ಸ್ಟಾಫಲ್ಲಿ ನೀನೇ ಚಿಕ್ಕೋಳು, ಇನ್ನು ಆರು ತಿಂಗಳಲ್ಲಿ ಎಲ್ಲರ ಎಂಟ್ರಿ ನಿನ್ನ ತಲೆ ಮೇಲೆ ಬೀಳುತ್ತೆ, 'ಪುಟ್ಟಮ್ಮ ಒಂಚೂರು ನಂದೂ ಮಾಡಿಬಿಡಮ್ಮ' ಅಂತ. ಇಲ್ಲ ಅನ್ನೋಕಾಗಲ್ಲ, ಮಾಡ್ಕೊಡ್ತಾ ಕೂತ್ರೆ ನಿನ್ನ ಕ್ಲಾಸು ಹಾಳು. ಪಕ್ಕದಲ್ಲಿ ಕೂತ್ಕೋ, ಬಾಯಲ್ಲಿ ಹೇಳು, ಮೌಸ್ ಅವರ ಕೈಯಲ್ಲೇ ಇರ್ಲಿ. ಬದಲಿಗೆ ಅವರ ಹತ್ರ ನೀನು ಕೇಳ್ಕೋ, ಈ ಪಾಠದಲ್ಲಿ ಮಕ್ಕಳು ಎಲ್ಲಿ ಎಡವ್ತಾರೆ ಸರ್ ಅಂತ. ಮೂವತ್ತು ವರ್ಷದ ಶೀಟು ಅವರ ತಲೇಲಿದೆ.

ಎಐ ಹತ್ರ ಪ್ರಶ್ನೆಪತ್ರಿಕೆ ಮಾಡ್ಸೋದು ತಪ್ಪೇನಲ್ಲ, ನಾನೂ ಮಾಡ್ಸಿ ನೋಡಿದೆ. ಲಂಬಕೋನ ತ್ರಿಭುಜದ ವಿಕರ್ಣಕ್ಕೆ ಕರ್ಣ ಅಂತ ಹಾಕಿತ್ತು, ನಮ್ಮ ಪುಸ್ತಕದಲ್ಲಿ ಕರ್ಣ ಅಂದ್ರೆ ಚತುರ್ಭುಜದ್ದು, ಮಕ್ಕಳು ಕಂಗಾಲಾಗ್ತಾರೆ. ಒಂದು ಲೆಕ್ಕದ ಉತ್ತರಾನೂ ತಪ್ಪಿತ್ತು, ಎಷ್ಟು ಧೈರ್ಯವಾಗಿ ತಪ್ಪು ಹೇಳುತ್ತೆ ಅಂತೀಯ. ಪ್ರತಿ ಲೆಕ್ಕ ನೀನು ಕೈಯಲ್ಲಿ ಮಾಡಿ ನೋಡದೆ ಮಕ್ಕಳಿಗೆ ಕೊಡ್ಬೇಡ.

ಇನ್ನೊಂದು, ಮನೆಗೆ ಕೊಡೋ ಕೆಲಸ ಫೋನಿಗೆ ಕೊಡ್ಬೇಡ. 2020ರಲ್ಲಿ ಸ್ಕೂಲ್ ಮುಚ್ಚಿದಾಗ ನಾನು ಹೊಸ ಉತ್ಸಾಹದಲ್ಲಿ ಗೂಗಲ್ ಫಾರ್ಮಲ್ಲಿ ಟೆಸ್ಟ್ ಮಾಡಿ ಕಳ್ಸಿದೆ, 40 ಮಕ್ಕಳಲ್ಲಿ 11 ಜನ ಬರೆದ್ರು. ಉಳಿದೋರು ಸೋಮಾರಿಗಳು ಅಂತ ಬೈಕೊಂಡೆ. ಆಮೇಲೆ ವಿದ್ಯಾಗಮ ಅಂತ ಊರೂರಿಗೆ ಹೋಗಿ ದೇವಸ್ಥಾನದ ಜಗಲಿ ಮೇಲೆ ಪಾಠ ಮಾಡೋವಾಗ ಗೊತ್ತಾಯ್ತು, ಮನೆಗೊಂದೇ ಫೋನು, ಅದು ಬೆಳಗ್ಗೆ ಅಪ್ಪನ ಜೇಬಲ್ಲಿ ತೋಟಕ್ಕೆ ಹೋದ್ರೆ ವಾಪಸ್ ಬರೋದು ರಾತ್ರಿ, ಚಾರ್ಜ್ ಇಲ್ದೆ. ಒಬ್ಬಳು ಎಲ್ಲಾ ಉತ್ತರ ನೋಟಲ್ಲಿ ಬರೆದಿಟ್ಕೊಂಡು ಕಾಯ್ತಿದ್ಲು, ಯಾರ ಹತ್ರ ಕಳಿಸಬೇಕು ಅಂತ ಗೊತ್ತಾಗ್ದೆ. ಆ ಮುಖ ಇನ್ನೂ ಕಣ್ಮುಂದೆ ಇದೆ.

ದಸರಾ ರಜೆಗೆ ಬರ್ತೀಯಲ್ಲ, ಲ್ಯಾಪ್‌ಟಾಪ್ ತಗೊಂಬಾ, ನಿನ್ನ ಮಕ್ಕಳ ಒಂದು ಕಟ್ಟು ಪೇಪರೂ ತಗೊಂಬಾ, ಇಬ್ರೂ ಕೂತು ಪ್ರಶ್ನೆವಾರು ಹಾಕೋಣ, ಯಾವ ಕಾಲಮ್ ಕೆಂಪಾಗುತ್ತೆ ನೋಡೋಣ. ನಿಮ್ಮಮ್ಮಂಗೆ ಹೇಳು, ಕೊಬ್ಬರಿ ತೆಗೆದಿಟ್ಟಿದೀನಿ ಅಂತ. ಮತ್ತೆ ನವೆಂಬರಿಗೆ ಪೆನ್ಷನ್ ಲೈಫ್ ಸರ್ಟಿಫಿಕೇಟ್ ಈ ಸಲ ಫೋನಲ್ಲೇ ಮುಖ ತೋರ್ಸಿ ಮಾಡ್ಬಹುದಂತೆ, ಬ್ಯಾಂಕಿಗೆ ಹೋಗಿ ಕ್ಯೂ ನಿಲ್ಲೋಕೆ ಮಂಡಿ ಬಿಡಲ್ಲ, ಅದೊಂದು ಹೇಳ್ಕೊಡು. ಫೋನ್ ಮಾತ್ರ ನನ್ನ ಕೈಲೇ ಇರ್ಬೇಕು.

ನಿನ್ನ ದೊಡ್ಡಮ್ಮ