ಕ್ರೂಸ್ ಬರ್ಲಿ, ಮಂದಿ ಹತ್ತೋ ಹಡಗೂ ಬರ್ಲಿ

ಸಂಪಾದಕರಿಗಿ ನಮಸ್ಕಾರ್ರಿ,

ಕಲಬುರಗಿಗಿ ಸಮುದ್ರ ಭಾಳ ದೂರ, ಆದ್ರ ನಮ್ಮ ಮಂದಿಗಿ ಹಡಗು ಹೊಸಾದಲ್ಲ. ನಮ್ಮ ಓಣ್ಯಾಗ ಒಬ್ರು ಮುತ್ಯಾ ಇದ್ರು, ಆವಾಗಿನ ಗುಲ್ಬರ್ಗಾ ಸ್ಟೇಷನ್ನಾಗ ಮುಂಬೈ ಗಾಡಿ ಹತ್ತಿ ಅಲ್ಲಿಂದ ಹಡಗಿನಾಗ ಜೆದ್ದಾಕ್ಕ ಹೋಗಿ ಹಜ್ ಮಾಡ್ಕೊಂಡು ಬಂದಿದ್ರು, ರಾತ್ರಿ ಕಟ್ಟಿ ಮ್ಯಾಲ ಕುಂತು ಅದೇ ಕತಿ ಹೇಳ್ತಿದ್ರು, ಡೆಕ್ ಮ್ಯಾಲ ಬುತ್ತಿ ಬಿಚ್ಚಿ ಜೋಳದ ರೊಟ್ಟಿ ಹಂಚ್ಕೊಂಡು ತಿಂದಿದ್ದು, ನಾಕು ದಿನ ನೀರು ಬಿಟ್ರ ಏನೂ ಕಾಣಲಾರದ್ದು. ಆ ಹಡಗು 1995ರಾಗ ಬಂದ್ ಆತು. ಮತ್ತ ಶುರು ಮಾಡ್ಲಿಕ್ಕ ಸೌದಿ ಒಪ್ಪ್ಯಾದ ಅಂತ 2018ರಾಗ ನಮ್ಮ ಕೇಂದ್ರ ಸಚಿವರೇ ಹೇಳಿದ್ರು, ಹಡಗು ಮಾತ್ರ ಬರ್ಲಿಲ್ಲ.

ಈಗ ಹಡಗಿನ ಬಂದರು ಅಂದ್ರ ಬರೀ ಕ್ರೂಸ್, ಅಂದ್ರ ಮೋಜಿಗಿ ತಿರುಗೋ ಹಡಗಿನ ಸುದ್ದಿ. 2024ರಾಗ ಕೇಂದ್ರ ಸರ್ಕಾರದ ಕ್ರೂಸ್ ಭಾರತ್ ಮಿಷನ್ ಶುರು ಆತು, 2029ರೊಳಗ ಪ್ಯಾಸೆಂಜರ್ ಡಬಲ್ ಆಗ್ಬೇಕಂತ. ಆಗ್ಲಿ ಛಲೋನೇ, ಆದ್ರ ಮೂರು ದಿನ ತಿರುಗಿ ಹತ್ತಿದ ಜಾಗದಾಗೇ ಇಳಿಯೋರನ್ನ, ಕೆಲಸಕ್ಕ ದವಾಖಾನಿಗಿ ಅಂತ ಊರಿಂದ ಊರಿಗಿ ಹೋಗೋರನ್ನ ಒಂದೇ ಲೆಕ್ಕದಾಗ ಹಿಡಿಬಾರ್ದು.

ಫೆರಿ, ಅಂದ್ರ ಮಂದೀನ ಊರಿಂದ ಊರಿಗಿ ದಾಟಿಸೋ ಹಡಗು, ನಡ್ಯಾಂಗಿಲ್ಲ ಅನ್ನೋರು ಗುಜರಾತ್ ನೋಡ್ರಿ. ಘೋಘಾದಿಂದ ಹಜೀರಾಕ್ಕ ರೋಡ್ ಮ್ಯಾಲ 370 ಕಿಲೋಮೀಟರ್, ಸಮುದ್ರದಾಗ 90, 2020ರ ನವೆಂಬರ್‌ದಾಗ ಶುರು ಆದ ರೋಪ್ಯಾಕ್ಸ್ ಹಡಗಿನಾಗ ಲಾರಿ, ಬೈಕ್, ಮಂದಿ ಎಲ್ಲಾ ಕೂಡೇ ಹೋಗ್ತದ. ಅದಕ್ಕಿಂತ ಮೊದಲ 2017ರಾಗ ಘೋಘಾ-ದಹೇಜ್ ಶುರು ಮಾಡಿದ್ರು, ಹೂಳು ತುಂಬಿ ಹಡಗು ಓಡ್ಲಾರದಂಗ ಆಗಿ ನಿಂತೋತು. ಅಂದ್ರ ಹಡಗು ತಂದ್ರಷ್ಟೇ ಸಾಲಲ್ಲ, ಹೂಳು ತೆಗಿಯೋ ರೊಕ್ಕಾನೂ ಪ್ರತಿ ವರ್ಷ ಇಡ್ಬೇಕು.

ನಮ್ಮ ರಾಜ್ಯದಾಗ ಏನದರಿ? 2024ರ ಮೇದಾಗ ಲಕ್ಷದ್ವೀಪದಿಂದ ಸ್ಪೀಡ್ ಹಡಗು 160 ಮಂದೀನ ಹೊತ್ತು ಏಳು ತಾಸಿನಾಗ ಮಂಗಳೂರು ಹಳೇ ಬಂದರಿಗಿ ಬಂತು, ಅದು ಟ್ರಯಲ್. ದ್ವೀಪದವರಿಗಿ ದವಾಖಾನಿ, ಸಂತಿ ಎಲ್ಲಾದಕ್ಕೂ ಮಂಗಳೂರು ಬೇಕು, ನಮ್ಮ ಹುಡುಗ್ರಿಗಿ ಒಮ್ಮಿ ಸಮುದ್ರ ದಾಟಿ ನೋಡೋ ಆಸೆ ಅದ. ಮಳಿಗಾಲ ಬಿಟ್ಟು ಉಳಿದ ತಿಂಗಳಾದ್ರೂ ಟೈಮ್‌ಟೇಬಲ್ ಪ್ರಕಾರ ಓಡಿಸ್ರಿ, ಟಿಕೆಟ್ ಸ್ಲೀಪರ್ ಕೋಚ್ ರೇಟಿನ ಹತ್ರ ಇರ್ಲಿ.

ಇನ್ನೊಂದ್ ಮಾತು. 2024ರ ಡಿಸೆಂಬರ್ 18ಕ್ಕ ಮುಂಬೈದಾಗ ಎಲಿಫೆಂಟಾಕ್ಕ ಹೊಂಟ ಬೋಟಿಗಿ ನೌಕಾಪಡಿ ಸ್ಪೀಡ್‌ಬೋಟ್ ಬಡದು ಹತ್ತಕ್ಕಿಂತ ಹೆಚ್ಚು ಮಂದಿ ಸತ್ರು. ಸುದ್ದಿ ನೋಡಿ ನಮ್ಮವ್ವ ಅವತ್ತು ಊಟ ಮಾಡ್ಲಿಲ್ಲ. ಲೈಫ್ ಜಾಕೆಟ್ ಹಾಕ್ಕೊಳ್ಳೋತನಕ ಬೋಟ್ ದಂಡಿ ಬಿಡಬಾರ್ದು, ನಮ್ಮ ಕೃಷ್ಣಾ, ಭೀಮಾ ನದ್ಯಾಗಿನ ಹರಗೋಲಿಗೂ ಇದೇ ರೂಲ್ ಬರ್ಲಿ.

ಇಂತಿ,
ಒಬ್ಬ ಓದುಗ, ಶಹಾಬಜಾರ್, ಕಲಬುರಗಿ